ಬಿತ್ತಿ ಹದಿಮೂರು ದಿನವಾಯಿತು, ಹುಲ್ಲು ಎಲ್ಲಿ?

ಪ್ರಶ್ನೆ: ನ್ಯೂಜೆರ್ಸಿಯ ಎಡಿಸನ್ ಹತ್ತಿರ ಎರಡು ವರ್ಷದ ಹಿಂದೆ ಮನೆ ಕೊಂಡೆವು. ಮುಂದಿನ ಅಂಗಳದ ಹುಲ್ಲು ಈ ಬೇಸಿಗೆಯಲ್ಲಿ ಅಲ್ಲಲ್ಲಿ ಒಣಗಿ ತೆಳ್ಳಗಾಗಿತ್ತು. ಸೆಪ್ಟೆಂಬರ್ 10ರಂದು ಇರುವ ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ಬಾಡಿಗೆ ಯಂತ್ರ ತಂದು ನೆಲಕ್ಕೆ ತೂತು ಹಾಕಿ, ಮೇಲೆ ಬೀಜ ಚೆಲ್ಲಿದೆ. ಚೀಲದ ಚೀಟಿಯ ಪ್ರಕಾರ ಅದರಲ್ಲಿ ಟಾಲ್ ಫೆಸ್ಕ್ಯೂ ಶೇ. 50, ಪೆರೆನಿಯಲ್ ರೈಗ್ರಾಸ್ ಶೇ. 30, ಕೆಂಟಕಿ ಬ್ಲೂಗ್ರಾಸ್ ಶೇ. 20 ಇವೆ. ದಿನವೂ ಸಂಜೆ ಕಚೇರಿಯಿಂದ ಬಂದು ಅರ್ಧ ಗಂಟೆ ಸ್ಪ್ರಿಂಕ್ಲರ್ ಹಾಕುತ್ತೇನೆ. ಹದಿಮೂರು ದಿನವಾದರೂ ಕಾರು ನಿಲ್ಲಿಸುವ ಡಾಂಬರಿನ ಅಂಚಿನಲ್ಲಿ ಮಾತ್ರ ಹಸಿರು ಗೆರೆ ಕಾಣುತ್ತಿದೆ. ಉಳಿದ ಕಡೆ ಬರೀ ಮಣ್ಣು. ಮೇಪಲ್ ಮರದ ಕೆಳಗಂತೂ ಏನೇನೂ ಇಲ್ಲ. ಇನ್ನೊಂದು ಚೀಲ ತಂದು ಚೆಲ್ಲಲೇ? ಊರಿನಿಂದ ಬಂದಿರುವ ನಮ್ಮ ತಾಯಿ ‘ಲೋಕದಲ್ಲಿ ಎಲ್ಲರೂ ಹುಲ್ಲು ಕಿತ್ತು ಬೆಳೆ ತೆಗೆದರೆ ನೀನು ದುಡ್ಡು ಕೊಟ್ಟು ಹುಲ್ಲು ಬಿತ್ತುತ್ತೀಯಲ್ಲ’ ಎಂದು ನಗುತ್ತಾರೆ. ಗಣೇಶನ ಹಬ್ಬಕ್ಕೆ ಅಂಗಳದಲ್ಲೇ ಗರಿಕೆ ಸಿಕ್ಕಿತೆಂದು ಅವರಿಗೆ ಸಂತೋಷ. ಅದು ನಿಜವಾಗಿ ಗರಿಕೆಯೇ?

ಉತ್ತರ: ಚೀಲ ತರಬೇಡಿ. ಬೀಜ ಏನಾಯಿತೋ ನೋಡೋಣವೆಂದು ಮಣ್ಣು ಕೆದಕುತ್ತಿದ್ದರೆ ಅದನ್ನೂ ನಿಲ್ಲಿಸಿ. ನಿಮ್ಮ ಅಂಗಳದಲ್ಲಿ ತಪ್ಪಿರುವುದು ಬೀಜವಲ್ಲ, ನೀರು ಹಾಕುವ ಕ್ರಮ. ಅದನ್ನು ಇಂದಿನಿಂದಲೇ ತಿದ್ದಿಕೊಂಡರೆ ಸಾಕಷ್ಟು ಬೀಜ ಇನ್ನೂ ಮೇಲೆ ಬರುತ್ತದೆ. ಬಂತೋ ಇಲ್ಲವೋ ಎಂದು ತೀರ್ಮಾನಿಸುವ ದಿನ ಇವತ್ತಲ್ಲ, ಇಪ್ಪತ್ತೆಂಟನೆಯ ದಿನ, ಅಂದರೆ ಅಕ್ಟೋಬರ್ 8.

ಯಾಕೆಂದು ಚೀಟಿಯೇ ಹೇಳುತ್ತದೆ, ಆದರೆ ಅದನ್ನು ಓದುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಅಲ್ಲಿ ಬರೆದಿರುವ ಶೇಕಡಾವಾರು ತೂಕದ್ದು, ಕಾಳಿನ ಸಂಖ್ಯೆಯದ್ದಲ್ಲ. ಟಾಲ್ ಫೆಸ್ಕ್ಯೂ ಮತ್ತು ರೈಗ್ರಾಸ್ ಬೀಜಗಳು ನೋಡಲು ಜೀರಿಗೆಯ ಹಾಗೆ. ಒಂದು ಪೌಂಡಿನಲ್ಲಿ ಎರಡೂಕಾಲು, ಎರಡೂವರೆ ಲಕ್ಷ ಕಾಳು ಇರುತ್ತವೆ. ಬ್ಲೂಗ್ರಾಸ್ ಬೀಜ ಅವುಗಳ ಮುಂದೆ ದೂಳು. ತಳಿಯಿಂದ ತಳಿಗೆ ವ್ಯತ್ಯಾಸವಿದ್ದರೂ ಪೌಂಡಿಗೆ ಸುಮಾರು 20 ಲಕ್ಷ ಕಾಳು ಎಂದು ಲೆಕ್ಕ ಹಿಡಿಯಬಹುದು. ಈಗ ನಿಮ್ಮ ಚೀಲದಿಂದ ಒಂದು ಪೌಂಡ್ ತೆಗೆದು ಎಣಿಸಿದೆವು ಎಂದುಕೊಳ್ಳಿ. ಫೆಸ್ಕ್ಯೂ 1,15,000 ಕಾಳು, ರೈಗ್ರಾಸ್ 75,000, ಬ್ಲೂಗ್ರಾಸ್ ನಾಲ್ಕು ಲಕ್ಷ. ತೂಕದಲ್ಲಿ ಐದನೆಯ ಒಂದು ಪಾಲಾಗಿದ್ದ ಬ್ಲೂಗ್ರಾಸ್ ಎಣಿಕೆಯಲ್ಲಿ ಮೂರನೆಯ ಎರಡು ಪಾಲಾಯಿತು.

ಮೂರಕ್ಕೂ ಮೊಳೆಯುವ ಅವಧಿ ಬೇರೆ ಬೇರೆ. ರೈಗ್ರಾಸ್ ಆತುರಗಾರ, ಐದರಿಂದ ಹತ್ತು ದಿನ. ಟಾಲ್ ಫೆಸ್ಕ್ಯೂಗೆ ಏಳರಿಂದ ಹದಿನಾಲ್ಕು. ಬ್ಲೂಗ್ರಾಸ್ ಎರಡು ವಾರಕ್ಕೆ ಮೊದಲು ತಲೆ ಎತ್ತುವುದು ಅಪರೂಪ. ನಾಲ್ಕು ವಾರ ತೆಗೆದುಕೊಂಡರೂ ಅದರ ತಪ್ಪಿಲ್ಲ. ಹಾಗಾಗಿ ಹದಿಮೂರನೆಯ ದಿನ ನೀವು ನೆಲ ನೋಡಿ ಕೊರಗುತ್ತಿರುವಾಗ, ಚೆಲ್ಲಿದ ಕಾಳುಗಳಲ್ಲಿ ಹೆಚ್ಚು ಪಾಲಿಗೆ ಇನ್ನೂ ಸರದಿಯೇ ಬಂದಿಲ್ಲ. ಫೆಸ್ಕ್ಯೂ ಮಾತ್ರ ಇಷ್ಟು ಹೊತ್ತಿಗೆ ಅಲ್ಲಲ್ಲಿ ಸೂಜಿಯಂತೆ ಕಾಣಬೇಕಿತ್ತು. ಅದು ತಡವಾಗಿರುವುದಕ್ಕೆ ಕಾರಣ ನಿಮ್ಮ ಸಂಜೆಯ ಅರ್ಧ ಗಂಟೆ.

ರಾಗಿ ಸರಿಗೆಂದು ರಾಗಿಯನ್ನು ಮೊಳಕೆ ಕಟ್ಟುವುದನ್ನು ನಿಮ್ಮ ತಾಯಿಯವರು ಎಷ್ಟೋ ಸಲ ಮಾಡಿರುತ್ತಾರೆ. ನೆನೆಸುತ್ತಾರೆ, ನೀರು ಬಸಿಯುತ್ತಾರೆ, ಬಟ್ಟೆಯಲ್ಲಿ ಕಟ್ಟುತ್ತಾರೆ, ಬಟ್ಟೆ ಆರುತ್ತಿದೆ ಅನ್ನಿಸಿದಾಗ ನೀರು ಚಿಮುಕಿಸುತ್ತಾರೆ. ಹುಲ್ಲಿನ ಬೀಜವೂ ರಾಗಿಯ ಬಳಗದ್ದೇ, ಒಳಗೆ ನಡೆಯುವುದೂ ಅದೇ. ನೀರು ಕುಡಿದು ಉಬ್ಬಿದ ಕಾಳಿನಲ್ಲಿ ಭ್ರೂಣ ಎಚ್ಚೆತ್ತು ಗಿಬ್ಬರೆಲಿನ್ ಎಂಬ ಹಾರ್ಮೋನನ್ನು ಹೊರಡಿಸುತ್ತದೆ. ಅದರಿಂದಾಗಿ ಕಾಳಿನ ಒಳಪದರದಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ, ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಮೊಳಕೆ ರಾಗಿ ಸ್ವಲ್ಪ ಸಿಹಿಯಾಗಿರುವುದು ಇದರಿಂದಲೇ. ಮೊದಲು ಬೇರು ಕೆಳಕ್ಕೆ ಇಳಿಯುತ್ತದೆ, ಆಮೇಲೆ ಎಲೆ. ಅಂದರೆ ನಿಮ್ಮ ಕಣ್ಣಿಗೆ ಹಸಿರು ಕಾಣುವುದಕ್ಕೆ ಎಷ್ಟೋ ದಿನ ಮೊದಲೇ ಮಣ್ಣಿನಲ್ಲಿ ಕೆಲಸ ಶುರುವಾಗಿರುತ್ತದೆ.

ಒಣಗಿದ ಬೀಜ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೂ ಜೀವ ಹಿಡಿದುಕೊಂಡಿರಬಲ್ಲದು. ಆದರೆ ಒಮ್ಮೆ ಉಬ್ಬಿ, ಬೇರಿನ ತುದಿ ಹೊರಬಿದ್ದ ಮೇಲೆ ಹಿಂದಿರುಗುವ ದಾರಿ ಇಲ್ಲ. ಆ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಒಣಗಿದರೂ ಅದು ಸತ್ತಂತೆ. ನೀವು ಸಂಜೆ ಅರ್ಧ ಗಂಟೆ ಸುರಿಯುವ ನೀರು ಬೇಕಾದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ. ಬೀಜ ಇರುವ ಮೇಲಿನ ಕಾಲು ಇಂಚು ಮರುದಿನ ಮಧ್ಯಾಹ್ನಕ್ಕೆ ಹಪ್ಪಳದಂತೆ ಒಣಗಿರುತ್ತದೆ. ರಾತ್ರಿಯಿಡೀ ಒದ್ದೆ, ಹಗಲಿಡೀ ಒಣ. ಶಿಲೀಂಧ್ರಕ್ಕೆ ಬೇಕಾದ್ದು ಒದ್ದೆ ರಾತ್ರಿ, ಬೀಜಕ್ಕೆ ಬೇಕಾದ್ದು ಒದ್ದೆ ಹಗಲು. ನೀವು ಎರಡನ್ನೂ ಅದಲುಬದಲು ಮಾಡಿದ್ದೀರಿ.

ಡಾಂಬರಿನ ಅಂಚಿನ ಹಸಿರು ಗೆರೆಗೂ ಇದೇ ವಿವರಣೆ. ಅರ್ಧ ಗಂಟೆಯ ನೀರನ್ನು ನೆಲ ಒಂದೇ ಸಲಕ್ಕೆ ಕುಡಿಯಲಾರದು. ಹೆಚ್ಚಾದದ್ದು ಇಳಿಜಾರು ಹಿಡಿದು ಹರಿಯುವಾಗ ಬೀಜವನ್ನೂ ಹೊತ್ತುಕೊಂಡು ಹೋಗಿ ಅಂಚಿನಲ್ಲಿ ಸಾಲಾಗಿ ಕೂರಿಸಿದೆ. ಡಾಂಬರು ಹಗಲೆಲ್ಲ ಕುಡಿದ ಬಿಸಿಲನ್ನು ಪಕ್ಕದ ಮಣ್ಣಿಗೆ ಕೊಡುತ್ತದೆ. ಬೆಚ್ಚಗಿದ್ದ ಬೀಜ ಬೇಗ ಮೊಳೆತಿದೆ. ಆ ಸಸಿಗಳಲ್ಲಿ ಒಂದನ್ನು ಬುಡದಿಂದ ಕಿತ್ತು ನೋಡಿ. ಬುಡ ಕೆಂಪಾಗಿದ್ದು ಎಲೆಯ ಹಿಂಬದಿ ಎಣ್ಣೆ ಸವರಿದಂತೆ ಹೊಳೆಯುತ್ತಿದ್ದರೆ ಅದು ರೈಗ್ರಾಸ್. ಬಹುಶಃ ಎಲ್ಲವೂ ಅದೇ ಆಗಿರುತ್ತದೆ.

ಇನ್ನು ಮುಂದೆ ನೀರನ್ನು ದಿನಕ್ಕೆ ಮೂರು ಸಲ ಹಾಕಿ: ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಮಧ್ಯಾಹ್ನ ಹನ್ನೆರಡಕ್ಕೆ, ಮೂರು ಗಂಟೆಗೆ. ಕೊಡೆಯಂತೆ ಒಂದೇ ಕಡೆ ಚಿಮ್ಮುವ ಸ್ಪ್ರಿಂಕ್ಲರ್ ಆದರೆ ಐದು ನಿಮಿಷ ಸಾಕು. ನಿಧಾನವಾಗಿ ತಿರುಗುತ್ತ ಚಿಮ್ಮುವುದಾದರೆ ಹನ್ನೆರಡು, ಹದಿನೈದು ನಿಮಿಷ. ಎಲ್ಲಿಯೂ ನೀರು ನಿಲ್ಲಬಾರದು, ಹರಿಯಲೂಬಾರದು. ಬೆರಳಿಟ್ಟರೆ ಮಣ್ಣು ತಣ್ಣಗೆ ಹತ್ತಬೇಕು, ಕೆಸರಾಗಬಾರದು. ನಮ್ಮ ಕಡೆ ಬಿತ್ತನೆಗೆ ಮುಂಚೆ ಹಿರಿಯರು ಹಿಡಿ ಮಣ್ಣು ಅದುಮಿ ನೋಡಿ ‘ಹದ ಇದೆ’ ಎನ್ನುತ್ತಿದ್ದರಲ್ಲ, ಆ ಹದವನ್ನು ಇಲ್ಲಿ ಇನ್ನೂ ಎರಡು ವಾರ ಕಾಯ್ದುಕೊಳ್ಳಬೇಕು. ಕಚೇರಿಗೆ ಹೋಗುವವರು ಮಧ್ಯಾಹ್ನ ನೀರು ಹಾಕುವುದು ಹೇಗೆ ಎಂದರೆ, ಕೊಳಾಯಿಗೆ ತಿರುಪುವ ಟೈಮರ್ ಸಿಗುತ್ತದೆ. ಇನ್ನೊಂದು ಚೀಲ ಬೀಜಕ್ಕಿಂತ ಅದರ ಮೇಲೆ ಹಾಕಿದ ದುಡ್ಡು ಸಾರ್ಥಕ. ಅದು ಬರುವವರೆಗೆ ತಾಯಿಯವರಿಗೆ ಪೈಪ್ ಕೊಟ್ಟರೂ ನಡೆಯುತ್ತದೆ. ಮಾಳಿಗೆಯ ಮೇಲೆ ಸಂಡಿಗೆ ಕಾದವರಿಗೆ ಇದೇನು ಮಹಾ ಕೆಲಸವಲ್ಲ.

ನೀವು ಬಿತ್ತುವ ಮೊದಲು ಮಾಡಿದ್ದು ಸರಿಯಾಗಿದೆ. ಗಿಡ್ಡಗೆ ಕತ್ತರಿಸದೆ, ತೂತು ಹಾಕದೆ ಹಾಗೆಯೇ ಚೆಲ್ಲಿದ್ದರೆ ಬೀಜ ಹಳೆಯ ಒಣಹುಲ್ಲಿನ ಚಾಪೆಯ ಮೇಲೆ ಕೂತು, ಮಣ್ಣು ಮುಟ್ಟದೆ ಒಣಗುತ್ತಿತ್ತು. ನೀವು ಬಿಟ್ಟಿರುವುದು ಹೊದಿಕೆ. ಬರಿಮಣ್ಣು ಕಾಣುವ ಕಡೆಗಳಲ್ಲಿ ಜರಡಿ ಹಿಡಿದ ಕಾಂಪೋಸ್ಟ್ ಅಥವಾ ಜೌಗುನೆಲದ ಒಣ ಪಾಚಿಯ ಪುಡಿಯಾದ ಪೀಟ್ ಮಾಸ್ ಅನ್ನು ಕಾಲು ಇಂಚು ಮೀರದಂತೆ ಕೈಯಿಂದ ಉದುರಿಸಿ. ಈಗಾಗಲೇ ಮೊಳೆಯುತ್ತಿರುವುದರಿಂದ ಕುಂಟೆ, ರೇಕ್ ಏನನ್ನೂ ಎಳೆಯಬೇಡಿ. ಪೀಟ್ ಮಾಸ್‌ನಲ್ಲಿ ಇನ್ನೊಂದು ಅನುಕೂಲವಿದೆ: ಒದ್ದೆಯಿದ್ದಾಗ ಕಾಫಿ ಪುಡಿಯ ಬಣ್ಣ, ಒಣಗಿದಾಗ ತಿಳಿ ಕಂದು. ನೀರು ಬೇಕೇ ಎಂದು ಕಿಟಕಿಯಿಂದಲೇ ತಿಳಿಯುತ್ತದೆ. ಒಣಹುಲ್ಲು ಹೊದಿಸುವುದಾದರೆ ಗೋಧಿಯ ಹೊಟ್ಟುಹುಲ್ಲು ಕೇಳಿ ತನ್ನಿ. ದನಕ್ಕೆ ಹಾಕುವ ಮೇವಿನ ಹುಲ್ಲು ತಂದರೆ ಅದರ ಜೊತೆಗೆ ಕಳೆಬೀಜವನ್ನೂ ಬಿತ್ತಿದ ಹಾಗೆ.

ಇಷ್ಟೆಲ್ಲ ಹೇಳಿದರೂ ‘ಬೀಜವೇ ಸತ್ತಿದ್ದರೆ?’ ಎಂಬ ಅನುಮಾನ ನಿಮ್ಮನ್ನು ಬಿಡುವುದಿಲ್ಲ, ನನಗೆ ಗೊತ್ತು. ಚೀಲದ ತಳದಲ್ಲಿ ಉಳಿದ ಬೀಜದಿಂದ ಐವತ್ತು ದೊಡ್ಡ ಕಾಳು ಎಣಿಸಿ ಒದ್ದೆ ಕಾಗದದ ಟವೆಲ್ ಮೇಲೆ ಹರಡಿ, ಮಡಿಚಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅಡುಗೆಮನೆಯಲ್ಲಿ ಬಿಡಿ. ಹೆಸರುಕಾಳಿಗೆ ಮಾಡಿದಂತೆಯೇ. ಒಂದು ವಾರದಲ್ಲಿ ರೈಗ್ರಾಸ್ ಬಿಳಿ ಬೇರು ತೋರಿಸುತ್ತದೆ, ಹಿಂದೆಯೇ ಫೆಸ್ಕ್ಯೂ. ಐವತ್ತರಲ್ಲಿ ನಲವತ್ತು ಮೊಳೆತರೆ ಬೀಜದ ಮೇಲೆ ದೂರು ಹೊರಿಸುವಂತಿಲ್ಲ. ಹತ್ತೂ ಮೊಳೆಯದಿದ್ದರೆ ಚೀಟಿಯಲ್ಲಿ ಪರೀಕ್ಷೆಯ ತಿಂಗಳು ನೋಡಿ. ಬಿಸಿ ಗ್ಯಾರೇಜಿನಲ್ಲಿ ಎರಡು ಬೇಸಿಗೆ ಕಳೆದ ಚೀಲವಾಗಿರಬಹುದು. ಮುಂದಿನ ಸಲ ಕೊಳ್ಳುವಾಗ ಅದೇ ಚೀಟಿಯಲ್ಲಿ ‘ಜಡ ಪದಾರ್ಥ’ದ ಸಾಲನ್ನೂ ಓದಿ. ಬಣ್ಣದ ಲೇಪ ಹಚ್ಚಿದ ಬೀಜದಲ್ಲಿ ಕೆಲವೊಮ್ಮೆ ಅರ್ಧ ತೂಕ ಆ ಲೇಪದ್ದೇ ಆಗಿರುತ್ತದೆ.

ನೀವು ಸೆಪ್ಟೆಂಬರ್ ಆರಿಸಿಕೊಂಡಿದ್ದಕ್ಕೆ ಶಹಬ್ಬಾಸ್ ಹೇಳಬೇಕು. ನಾನು ಈ ದೇಶಕ್ಕೆ ಬಂದ ಮೊದಲ ವರ್ಷ ಅಷ್ಟು ಬುದ್ಧಿ ತೋರಲಿಲ್ಲ. ತುಮಕೂರು ಕಡೆಯ ರಾಗಿ ಹೊಲದಲ್ಲಿ ಬೆಳೆದವನಿಗೆ ಬಿತ್ತನೆ ಅಂದರೆ ಮುಂಗಾರು. ಬೇಸಿಗೆಯ ಬಾಗಿಲಲ್ಲಿ ಮಳೆ ಬಿತ್ತು, ಬೀಜ ಹಾಕು. ಇಲ್ಲಿ ಮೇ ತಿಂಗಳಲ್ಲಿ ನಾಲ್ಕು ದಿನ ಮಳೆ ಬಂದದ್ದೇ ತಡ, ತೋಟಗಾರಿಕೆಯ ಪದವಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡೇ ನಾನು ಇಡೀ ಅಂಗಳಕ್ಕೆ ಬೀಜ ಚೆಲ್ಲಿದೆ. ಜೂನ್ ಮೊದಲ ವಾರ ಅದು ಎಷ್ಟು ಚೆನ್ನಾಗಿತ್ತೆಂದರೆ ಫೋಟೋ ತೆಗೆದು ಊರಿಗೆ ಕಳಿಸಿದೆ. ಜುಲೈ ಮುಗಿಯುವ ಹೊತ್ತಿಗೆ ಅಲ್ಲಿ ಕ್ರ್ಯಾಬ್‌ಗ್ರಾಸ್ ಎಂಬ ಕಳೆಹುಲ್ಲು ಬಿಟ್ಟರೆ ಇನ್ನೇನೂ ಇರಲಿಲ್ಲ.

ಈ ಮೂರೂ ಹುಲ್ಲುಗಳು ಯೂರೋಪಿನ ತಂಪಿನಿಂದ ಬಂದವು. ಕೆಂಟಕಿ ಎಂಬ ಹೆಸರಿದ್ದರೂ ಬ್ಲೂಗ್ರಾಸ್ ಕೂಡ ಕೆಂಟಕಿಯದ್ದಲ್ಲ. ಬೇಸಿಗೆಯ ಸೆಕೆಯಲ್ಲಿ ಅವು ಬೆಳೆಯುವುದಿಲ್ಲ, ಜೀವ ಉಳಿಸಿಕೊಳ್ಳುತ್ತವೆ ಅಷ್ಟೆ. ಎರಡು ತಿಂಗಳ ಎಳೆಯ ಬೇರಿಗೆ ಅದೂ ಆಗುವುದಿಲ್ಲ. ಸೆಪ್ಟೆಂಬರಿನಲ್ಲಿ ಮಣ್ಣು ಬೇಸಿಗೆಯ ಕಾವನ್ನು ಇನ್ನೂ ಹಿಡಿದಿರುತ್ತದೆ, ಗಾಳಿ ತಣ್ಣಗಾಗಿರುತ್ತದೆ, ಕ್ರ್ಯಾಬ್‌ಗ್ರಾಸ್ ತನ್ನ ಆಯುಷ್ಯ ಮುಗಿಸುತ್ತಿರುತ್ತದೆ. ನ್ಯೂಜೆರ್ಸಿಯ ಈ ನಡುಭಾಗಕ್ಕೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಬಿತ್ತನೆಯ ಕಾಲ. ನಮ್ಮವರಿಗೆ ನೆನಪಿರಲೆಂದು ನಾನು ಹೇಳುವುದು ಹೀಗೆ: ಗೌರಿ ಹಬ್ಬದ ಬಾಗಿನದ ಜೊತೆಗೆ ಹುಲ್ಲಿನ ಬೀಜವನ್ನೂ ತಂದಿಡಿ, ನವರಾತ್ರಿಯ ಗೊಂಬೆ ಕೂರಿಸುವ ಮೊದಲು ಬಿತ್ತಿ ಮುಗಿಸಿ. ಬೆಂಗಳೂರಿನಲ್ಲಿ ಓದುತ್ತಿರುವವರು ಮಾತ್ರ ಇದನ್ನು ಅಲ್ಲಿಗೆ ಒಯ್ಯಬಾರದು. ಅಲ್ಲಿನ ಲಾನ್ ಗರಿಕೆಯದ್ದೋ ಕೊರಿಯನ್ ಹುಲ್ಲಿನದ್ದೋ ಆಗಿರುತ್ತದೆ. ಅವು ಬಿಸಿಲಿನ ಮಕ್ಕಳು, ಅವುಗಳ ಪಂಚಾಂಗವೇ ಬೇರೆ.

ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನಿಮ್ಮ ಚೀಲದಲ್ಲಿರುವ ರೈಗ್ರಾಸ್ ಇಷ್ಟು ನಯವಾಗಿರುವುದಕ್ಕೆ ನಿಮ್ಮ ಊರಿನಿಂದ ನದಿ ದಾಟಿದರೆ ಸಿಗುವ ರಟ್ಗರ್ಸ್ ವಿಶ್ವವಿದ್ಯಾಲಯವೂ ಕಾರಣ. ಹಿಂದೆಲ್ಲ ರೈಗ್ರಾಸ್ ಎಂದರೆ ಒರಟು, ಮೇವಿಗೆ ಸರಿ ಎಂಬ ಮಾತಿತ್ತು. ಅಲ್ಲಿನ ವಿಜ್ಞಾನಿ ರೀಡ್ ಫಂಕ್ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಜನರ ತುಳಿತಕ್ಕೂ ಸಾಯದೆ ಉಳಿದಿದ್ದ ಹಳೆಯ ರೈಗ್ರಾಸ್ ಗಿಡಗಳನ್ನು ಆರಿಸಿ ತಂದರು. ಅವುಗಳಿಂದ ಬಂದ ‘ಮ್ಯಾನ್‌ಹ್ಯಾಟನ್’ ತಳಿ 1967ರಲ್ಲಿ ಬಿಡುಗಡೆಯಾಯಿತು. ಹುಲ್ಲು ಬಿತ್ತುವುದನ್ನು ಕಂಡು ನಗುವ ತಾಯಿಯವರಿಗೆ ಹೇಳಿ: ಇಲ್ಲಿ ಹುಲ್ಲಿಗೂ ಭತ್ತ, ರಾಗಿಯಂತೆ ತಳಿಗಾರರಿದ್ದಾರೆ.

ಮೇಪಲ್ ಮರದ ಕೆಳಗಿನ ಜಾಗದ ಬಗ್ಗೆ ನನ್ನ ಸಲಹೆ ಚಿಕ್ಕದು, ನಿಮಗೆ ಇಷ್ಟವಾಗಲಾರದು: ಬಿಟ್ಟುಬಿಡಿ. ಮೇಪಲ್‌ನ ಬೇರು ನೆಲದ ಮೇಲ್ಮಟ್ಟದಲ್ಲೇ ಹರಡುತ್ತದೆ, ನೀವು ಹಾಕುವ ನೀರನ್ನು ಅದೇ ಮೊದಲು ಕುಡಿಯುತ್ತದೆ; ಮೇಲೆ ದಟ್ಟ ನೆರಳು. ನೆರಳು ತಡೆಯುವ ಫೈನ್ ಫೆಸ್ಕ್ಯೂ ಜಾತಿಗಳನ್ನು ಒಮ್ಮೆ ಪ್ರಯತ್ನಿಸಬಹುದು. ಅದೂ ಎರಡನೆಯ ವರ್ಷಕ್ಕೆ ತೆಳ್ಳಗಾದರೆ ಮರದ ಚಕ್ಕೆ ಹರಡಿ ಒಂದು ಕಲ್ಲುಬೆಂಚು ಹಾಕಿ. ತಾಯಿಯವರು ಕೂರುತ್ತಾರೆ.

ಈಗ ಮುಂದಿನ ದಿನಗಳು. ಹುಲ್ಲು ಮೊಳೆತ ಮೇಲೆ ಇನ್ನೊಂದು ಗಾಬರಿ ಕಾದಿದೆ. ಬ್ಲೂಗ್ರಾಸ್ ಕೂದಲೆಳೆಯಷ್ಟು ಸಣ್ಣಗೆ ಮೇಲೆ ಬಂದು, ಒಂದು ಇಂಚು ಬೆಳೆದು, ಆಮೇಲೆ ಮೂರು ವಾರ ಮುನಿಸಿಕೊಂಡಂತೆ ಹಾಗೆಯೇ ನಿಂತುಬಿಡುತ್ತದೆ. ಗೊಬ್ಬರ ಸಾಲದು ಎಂದು ಎಲ್ಲರೂ ಸುರಿಯುವುದು ಆಗಲೇ. ಅದು ಆಗ ಬೇರಿನ ಕೆಲಸದಲ್ಲಿರುತ್ತದೆ. ನೆಲದೊಳಗೆ ಬಳ್ಳಿ ಓಡಿಸಿ ಖಾಲಿ ಜಾಗ ತುಂಬುವುದು ಮುಂದಿನ ವರ್ಷ, ಮತ್ತು ಈ ಮೂರರಲ್ಲಿ ಆ ಶಕ್ತಿ ಚೆನ್ನಾಗಿ ಇರುವುದು ಅದಕ್ಕೊಂದಕ್ಕೇ. ರೈಗ್ರಾಸ್ ಹುಟ್ಟಿದಲ್ಲೇ ಗುಪ್ಪೆಯಾಗುತ್ತದೆ. ಫೆಸ್ಕ್ಯೂ ಕೂಡ ಬಹುಮಟ್ಟಿಗೆ ಹಾಗೆಯೇ. ನಿಧಾನಗಾರನಿಗಾಗಿ ಕಾಯಿರಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಹಸಿರು ಎಲ್ಲೆಡೆ ಕಂಡ ಮೇಲೆ ನೀರನ್ನು ಮೊದಲು ದಿನಕ್ಕೊಮ್ಮೆ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಮಾಡಿ, ಆದರೆ ಪ್ರತಿಸಲ ಹೆಚ್ಚು ಹೊತ್ತು ಹಾಕಿ. ನಡುವೆ ಹಳೆಯ ಹುಲ್ಲು ಎತ್ತರ ಬೆಳೆದು ಸಸಿಗಳಿಗೆ ನೆರಳಾಗುತ್ತದೆ. ಮೂರೂವರೆ ಇಂಚು ದಾಟಿದಾಗ ಮಣ್ಣು ಗಟ್ಟಿಯಾಗಿರುವ ದಿನ ನೋಡಿ, ಅಲಗು ಹರಿತ ಮಾಡಿಸಿದ ಯಂತ್ರದಿಂದ ಮೂರಕ್ಕೆ ಇಳಿಸಿ. ಮೊಂಡು ಅಲಗು ಎಳೆಯ ಸಸಿಯನ್ನು ಕತ್ತರಿಸುವುದಿಲ್ಲ, ಬೇರುಸಹಿತ ಎಳೆದು ಹಾಕುತ್ತದೆ. ಅಕ್ಟೋಬರಿನಲ್ಲಿ ಎಲೆ ಉದುರಲು ತೊಡಗಿದರೆ ವಾರಗಟ್ಟಲೆ ಬಿಡಬೇಡಿ. ಒದ್ದೆ ಎಲೆಗಳು ನೆಲಕ್ಕೆ ಅಂಟಿಕೊಂಡರೆ ಕೆಳಗಿನ ಸಸಿ ಉಸಿರುಗಟ್ಟುತ್ತದೆ, ಇಷ್ಟು ದಿನ ಕಾದದ್ದು ಒಂದು ಮಳೆಗೆ ಹೋಗುತ್ತದೆ. ಕಳೆನಾಶಕವನ್ನು ಮೂರು ಸಲ ಕತ್ತರಿಸುವವರೆಗೆ ಮುಟ್ಟಬೇಡಿ.

ಗೊಬ್ಬರಕ್ಕೆ ಇಲ್ಲಿ ಕಾನೂನೇ ಇದೆ. ನ್ಯೂಜೆರ್ಸಿಯಲ್ಲಿ 2011ರ ಕಾಯ್ದೆಯಂತೆ ಮಣ್ಣು ಪರೀಕ್ಷೆ ಬೇಕೆಂದು ಹೇಳದ ಹೊರತು ಲಾನಿಗೆ ರಂಜಕ ಹಾಕುವಂತಿಲ್ಲ. ಹೊಸದಾಗಿ ಬಿತ್ತುವವರಿಗೆ, ಹಾಳಾದದ್ದನ್ನು ದುರಸ್ತಿ ಮಾಡುವವರಿಗೆ ವಿನಾಯಿತಿ ಇದೆ, ನೀವು ಅದರೊಳಗೆ ಬರುತ್ತೀರಿ. ನವೆಂಬರ್ 15ರಿಂದ ಮಾರ್ಚ್ 1ರವರೆಗೆ ಮನೆಯವರು ಸಾರಜನಕವಾಗಲಿ ರಂಜಕವಾಗಲಿ ಇರುವ ರಾಸಾಯನಿಕ ಗೊಬ್ಬರವನ್ನು ಹಾಕುವಂತಿಲ್ಲ. ಬೀಜದ ಜೊತೆಗೇ ಗೊಬ್ಬರ ಕೊಟ್ಟಿದ್ದರೆ ಸದ್ಯಕ್ಕೆ ಅಷ್ಟೇ ಸಾಕು.

ಅಕ್ಟೋಬರ್ 8ರಂದು ಅಂಗಳದಲ್ಲಿ ಒಂದು ಸುತ್ತು ಹಾಕಿ. ಅಂಗೈ ಅಗಲದ ಖಾಲಿ ಜಾಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಬ್ಲೂಗ್ರಾಸ್ ತುಂಬಿಕೊಳ್ಳುತ್ತದೆ. ಊಟದೆಲೆಯಷ್ಟು ಅಗಲ ಬರಿದಾಗಿದ್ದರೆ ಅಲ್ಲಿಗೆ ಮಾತ್ರ ರೈಗ್ರಾಸ್ ಒಂದನ್ನೇ ಹಾಕಿ. ಮಣ್ಣಿನ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುವ ಮೊದಲು ಮೊಳೆಯುವ ಅವಸರ ಅದಕ್ಕಿದೆ. ಅಷ್ಟರಲ್ಲಿ ಚಳಿ ಮುಂದಾಗಿ ಬಂದುಬಿಟ್ಟರೆ ಡಿಸೆಂಬರ್ ಕಳೆದ ಮೇಲೆ, ನೆಲ ಹಿಮಗಟ್ಟಿ ಬಿರುಕು ಬಿಡುವಾಗ ಬೀಜ ಉದುರಿಸಿ. ಅದು ಮೊಳೆಯದೆ ಹಾಗೆಯೇ ಮಲಗಿದ್ದು ಏಪ್ರಿಲ್‌ನಲ್ಲಿ ಏಳುತ್ತದೆ. ಹಾಗೆ ಮಾಡಿದ ಜಾಗಗಳಿಗೆ ವಸಂತದಲ್ಲಿ ಕ್ರ್ಯಾಬ್‌ಗ್ರಾಸ್ ತಡೆಯುವ ಪುಡಿ ಹಾಕಬಾರದು. ಅದಕ್ಕೆ ಕಳೆಯ ಬೀಜ ಯಾವುದು, ನಿಮ್ಮ ಬೀಜ ಯಾವುದು ಎಂದು ತಿಳಿಯುವುದಿಲ್ಲ.

ಕೊನೆಗೆ ಗರಿಕೆ. ನೋಡದೆ ಹೇಳುವುದು ಕಷ್ಟ, ಆದರೆ ಬೇಸಿಗೆಯಲ್ಲಿ ತೆಳ್ಳಗಾದ ಲಾನಿನಲ್ಲಿ ಹಬ್ಬದ ಹೊತ್ತಿಗೆ ಬೆರಳಿನಂತೆ ತೆನೆ ಚಾಚಿಕೊಂಡು ಹರಡಿದ್ದು ಬಹುತೇಕ ಕ್ರ್ಯಾಬ್‌ಗ್ರಾಸ್. ತೆನೆ ನೋಡಿದರೆ ಎಂಥವರೂ ಮೋಸಹೋಗುತ್ತಾರೆ. ಎಲೆ ನೋಡಿ: ಕ್ರ್ಯಾಬ್‌ಗ್ರಾಸ್‌ನದ್ದು ಅಗಲ, ತಿಳಿಹಸಿರು, ಕಾಂಡ ಮೆತ್ತಗೆ. ಗರಿಕೆಯದ್ದು ಸಣ್ಣ ಎಲೆ, ತಂತಿಯಂಥ ಬಳ್ಳಿ, ಗಿಣ್ಣಿಗೆ ಗಿಣ್ಣಿಗೆ ಬೇರು. ಎಲೆ ಕಾಂಡಕ್ಕೆ ಸೇರುವಲ್ಲಿ ಬಿಳಿ ರೋಮದ ಉಂಗುರ. ಮೊದಲ ಹಿಮಕ್ಕೆ ಬುಡಸಹಿತ ಸತ್ತರೆ ಅದು ಗರಿಕೆಯಾಗಿರಲಿಲ್ಲ. ಗರಿಕೆ ಚಳಿಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೂ ಬೇರು ಉಳಿಸಿಕೊಂಡು ನೆಲ ಬೆಚ್ಚಗಾದ ಮೇಲೆ ಮತ್ತೆ ಚಿಗುರುತ್ತದೆ. ಈ ವರ್ಷ ಗಣಪತಿಗೆ ಏರಿಸಿದ್ದು ಕ್ರ್ಯಾಬ್‌ಗ್ರಾಸ್ ಆಗಿದ್ದರೂ ತಾಯಿಯವರಿಗೆ ಹೇಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಮುಂದಿನ ಹಬ್ಬಕ್ಕೆ ನಿಜವಾದ ಗರಿಕೆಯ ಎರಡು ಗಿಣ್ಣು ಎಲ್ಲಾದರೂ ಸಿಕ್ಕರೆ ಕುಂಡದಲ್ಲಿ ನೆಟ್ಟು, ಚಳಿಗಾಲದಲ್ಲಿ ದಕ್ಷಿಣದ ಕಿಟಕಿಯ ಬಳಿ ಇಡಿ. ಕುಂಡದಿಂದ ಒಂದು ಬಳ್ಳಿಯೂ ನೆಲಕ್ಕೆ ಇಳಿಯದಂತೆ ನೋಡಿಕೊಳ್ಳಿ. ಇಳಿದರೆ ಎರಡು ವರ್ಷದ ನಂತರ ನೀವು ನನಗೆ ಬರೆಯುವ ಪ್ರಶ್ನೆ ಬೇರೆಯಾಗಿರುತ್ತದೆ, ಅದಕ್ಕೆ ನನ್ನ ಉತ್ತರ ಇದರ ಎರಡರಷ್ಟು ಉದ್ದವಿರುತ್ತದೆ.